ಪರಿಚಯವಿಲ್ಲದವರು ರಾತ್ರಿ ಊಟಕ್ಕೆ ಬರ್ತಾರೆ, ಏನು ಅಡುಗೆ ಮಾಡೋದು? – ಸಮಗ್ರ ಮಾರ್ಗದರ್ಶಿ

ಮನೆಯವರ ಹೊಸ ಸಾಹೇಬರು, ಮಗಳ ಗೆಳತಿಯ ಅಪ್ಪ-ಅಮ್ಮ, ಮಾತುಕತೆಗೆ ಬರುವ ಬೀಗರು, ಮೇಲಿನ ಮಹಡಿಗೆ ಬಾಡಿಗೆಗೆ ಬಂದವರು. ಇವರನ್ನೆಲ್ಲ ಬಾಯಿತುಂಬ ಊಟಕ್ಕೆ ಕರೆದುಬಿಡುತ್ತೇವೆ. ಅವರು "ಆಯ್ತು ಬರ್ತೀವಿ" ಅಂದ ಮೇಲೆ ತಲೆಬಿಸಿ ಶುರು.

ಇದರಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಮೊದಲು ಅಡುಗೆಯ ಪಟ್ಟಿ ಮಾಡುತ್ತೇವೆ. ಎಣ್ಣೆಗಾಯಿ, ಎರಡು ಪಲ್ಯ, ಹೋಳಿಗೆ, ಮಿರ್ಚಿ ಅಂತ ಪಟ್ಟಿ ಬೆಳೆಯುತ್ತದೆ. ಬರುವವರು ಬೆಳ್ಳುಳ್ಳಿ ಮುಟ್ಟುವುದಿಲ್ಲ ಅಂತ ಗೊತ್ತಾಗುವುದು ತಾಟು ಹಾಕಿದ ಮೇಲೆ. ಆಗ ಅವರು ಸಂಕೋಚದಿಂದ ಮೊಸರನ್ನ ತಿಂದು ಏಳುತ್ತಾರೆ. ಎರಡು ದಿನ ದುಡಿದವರಿಗೆ ಬೇಜಾರು, ಉಂಡವರಿಗೂ ಬೇಜಾರು.

ಅದಕ್ಕೇ ಇಲ್ಲಿ ಕ್ರಮ ಉಲ್ಟಾ. ಮೊದಲು ಏನು ಬೇಡ ಅನ್ನೋದು ತೀರ್ಮಾನವಾಗಬೇಕು. ಉಳಿದದ್ದರಲ್ಲಿ ನಿಮ್ಮ ಕೈಗೆ ಪಳಗಿದ್ದನ್ನು ಆರಿಸಬೇಕು. ಎಷ್ಟು ಐಟಂ ಅನ್ನೋದು ಕೊನೆಯ ಪ್ರಶ್ನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಅಡುಗೆಮನೆ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ರೊಟ್ಟಿ, ಶೇಂಗಾ, ಖಾರ, ಬಿಸಿಲು ನಾಲ್ಕೂ ಲೆಕ್ಕಕ್ಕೆ ಬರುತ್ತವೆ.

ಶುರುಮಾಡುವ ಮುಂಚೆ ಕೈಗೆ ಸಿಗಬೇಕಾದವು

ಒಂದು ಹಾಳೆ, ಒಂದು ಪೆನ್ನು. ನೆನಪಿನ ಮೇಲೆ ಬಿಡಬೇಡಿ. ಬರುವವರ ಹೆಸರು ಒಂದರ ಕೆಳಗೊಂದು ಬರೆಯಿರಿ, ಮಕ್ಕಳನ್ನೂ ಸೇರಿಸಿ. ಪ್ರತಿ ಹೆಸರಿನ ಮುಂದೆ "ತಿನ್ನಲ್ಲ" ಅಂತ ಒಂದು ಜಾಗ ಬಿಡಿ.

ಎರಡು ಹಾಟ್‌ಬಾಕ್ಸ್ ಬೇಕು, ಒಂದು ರೊಟ್ಟಿ-ಚಪಾತಿಗೆ, ಒಂದು ಅನ್ನಕ್ಕೆ. ಸೌಟು ಸಾಕಷ್ಟಿರಲಿ. ಪ್ರತಿ ಪಾತ್ರೆಗೆ ಒಂದು ಸೌಟು ಅನ್ನೋದು ಇಲ್ಲಿ ಅಲಂಕಾರವಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಫ್ರಿಜ್ಜಿನಲ್ಲಿ ಒಂದು ಅರೆ ಖಾಲಿ ಮಾಡಿ. ಗ್ಯಾಸ್ ಸಿಲಿಂಡರ್ ಒಮ್ಮೆ ಎತ್ತಿ ನೋಡಿ, ಹಗುರವಾಗಿದ್ದರೆ ಇವತ್ತೇ ಬುಕ್ ಮಾಡಿ.

ಕರೆಂಟಿನ ಲೆಕ್ಕವೂ ಇದೆ. ಇನ್ವರ್ಟರ್ ಮೇಲೆ ಲೈಟು, ಫ್ಯಾನು ಓಡುತ್ತವೆ. ಮಿಕ್ಸಿಯನ್ನು ನಂಬಲಾಗದು. ರುಬ್ಬುವ ಕೆಲಸ ಏನಿದ್ದರೂ ಹಿಂದಿನ ದಿನವೇ ಮುಗಿಯಬೇಕು.

ಹಂತ 1: ಫೋನ್ ಮಾಡಿ, ಸರಿಯಾದ ಪ್ರಶ್ನೆ ಕೇಳಿ

ಮೂರು-ನಾಲ್ಕು ದಿನ ಮುಂಚೆ ಫೋನ್ ಮಾಡಿ. ಸಾಧ್ಯವಾದರೆ ಆ ಮನೆಯಲ್ಲಿ ಅಡುಗೆ ಯಾರು ನೋಡಿಕೊಳ್ಳುತ್ತಾರೋ ಅವರ ಜೊತೆ ಮಾತಾಡಿ. ಸಾಹೇಬರನ್ನು ಕೇಳಿದರೆ "ಏನಿದ್ರೂ ನಡೀತದ" ಅಂತಾರೆ. ಅವರ ತಾಯಿಗೆ ಬದನೆಕಾಯಿ ಆಗಿಬರುವುದಿಲ್ಲ ಅನ್ನೋದು ಅವರ ಹೆಂಡತಿಗಷ್ಟೇ ಗೊತ್ತಿರುತ್ತದೆ.

"ಏನು ಮಾಡಲಿ?" ಅಂತ ಮಾತ್ರ ಕೇಳಬೇಡಿ. ಅದಕ್ಕೆ ನಮ್ಮ ಕಡೆ ಬರುವ ಉತ್ತರ ಒಂದೇ: "ಅಯ್ಯೋ, ಏನೂ ಮಾಡಬ್ಯಾಡ್ರಿ, ಸುಮ್ನ ಬಂದು ಹೋಗ್ತೀವಿ." ಅದು ಮರ್ಯಾದೆಯ ಮಾತು. ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಒಂದೊಂದೇ ಬಿಡಿಬಿಡಿಯಾಗಿ ಕೇಳಿ:

1. "ನಿಮ್ಮಲ್ಲಿ ಯಾರಾದ್ರೂ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿಟ್ಟವರು ಅದಾರೇನ್ರಿ?"
2. "ಮಟನ್-ಚಿಕನ್ ನಡೀತದೋ, ಇಲ್ಲೋ? ತತ್ತಿ?" ತತ್ತಿಯನ್ನು ಬೇರೆಯಾಗಿಯೇ ಕೇಳಬೇಕು. ಮಟನ್ ಬಿಟ್ಟು ತತ್ತಿ ತಿನ್ನುವವರಿದ್ದಾರೆ, ಎರಡನ್ನೂ ಬಿಟ್ಟು ಬೇಕರಿಯ ಕೇಕ್ ತಿನ್ನುವವರೂ ಇದ್ದಾರೆ.
3. "ಯಾರಿಗಾದ್ರೂ ಶೇಂಗಾ, ಹಾಲು, ಗೋಧಿ ಆಗಂಗಿಲ್ಲ ಅಂತ ಇದೆಯಾ?"
4. "ಸಕ್ಕರೆ ಕಾಯಿಲೆ, ಬಿಪಿ ಇದ್ದವರು?"
5. "ಆ ದಿನ ಯಾರದಾದ್ರೂ ವಾರ, ಒಪ್ಪತ್ತು ಇದೆಯಾ?"
6. "ಖಾರ ಎಷ್ಟು ತಿಂತೀರಿ? ನಮ್ಮ ಕಡೆ ಖಾರ ಜಾಸ್ತಿ, ಅದಕ್ಕ ಕೇಳ್ತೀನಿ."
7. "ಎಷ್ಟು ಗಂಟೆಗೆ ಊಟ ಮಾಡೋ ರೂಢಿ?"

ಐದು ನಿಮಿಷದ ಮಾತು. "ತಿನ್ನಲ್ಲ" ಅಂತ ಹೇಳಲು ಯಾರಿಗೂ ಸಂಕೋಚ ಇರುವುದಿಲ್ಲ, "ಇದು ಮಾಡಿ" ಅಂತ ಹೇಳಲು ಎಲ್ಲರಿಗೂ ಸಂಕೋಚ. ಪ್ರಶ್ನೆ ತಿರುಗಿಸಿ ಕೇಳುವುದು ಅದಕ್ಕೇ.

*ಸಾಮಾನ್ಯ ತಪ್ಪು:* ಅಡ್ಡಹೆಸರು ನೋಡಿ ಊಟ ಊಹಿಸುವುದು. ಇದನ್ನು ಬಿಟ್ಟುಬಿಡಿ. ಒಂದೇ ಮನೆಯಲ್ಲಿ ಗಂಡ ಮಟನ್ ತಿನ್ನುತ್ತಾನೆ, ಹೆಂಡತಿ ತತ್ತಿ ಇಟ್ಟ ಕಪಾಟನ್ನೂ ಮುಟ್ಟುವುದಿಲ್ಲ. ಜಾತಿ ಕೇಳಬೇಡಿ, ಊಟ ಕೇಳಿ. ಕೇಳುವುದರಲ್ಲಿ ಅವಮಾನ ಏನೂ ಇಲ್ಲ, ಊಹಿಸಿ ತಪ್ಪುವುದರಲ್ಲಿದೆ.

*ಎಚ್ಚರಿಕೆಯ ಗುರುತು:* ಉತ್ತರ ಕೊಡುವ ಮುಂಚೆ ಸ್ವಲ್ಪ ತಡೆದು "ಹ್ಞಾಂ... ನಡೀತದ್ರಿ, ಅಡ್ಡಿ ಇಲ್ಲ" ಅಂದರೆ ಅಡ್ಡಿ ಇದೆ ಅಂತಲೇ ತಿಳಿಯಿರಿ. ಆ ಐಟಂ ಪಟ್ಟಿಯಿಂದ ಹೊರಗೆ.

ಹಂತ 2: ಕ್ಯಾಲೆಂಡರ್ ನೋಡಿ

ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಇಳಿಸಿ ದಿನ ನೋಡಿ. ಸೋಮವಾರ ಮಟನ್ ತಿನ್ನದ ಮನೆಗಳು ಇಲ್ಲಿ ಬಹಳ. ಹನುಮಪ್ಪನ ಭಕ್ತರಿಗೆ ಶನಿವಾರ, ರಾಯರ ಭಕ್ತರಿಗೆ ಗುರುವಾರ. ಮಂತ್ರಾಲಯ ಪಕ್ಕದಲ್ಲೇ ಇರುವುದರಿಂದ ರಾಯಚೂರಿನಲ್ಲಿ ಗುರುವಾರದ ಒಪ್ಪತ್ತು ಕಡಿಮೆ ಏನಲ್ಲ. ಶ್ರಾವಣದಲ್ಲಿ ತಿಂಗಳುಪೂರ್ತಿ ಬಿಡುವವರಿದ್ದಾರೆ.

ಏಕಾದಶಿಯಂದು ಉಪವಾಸ ಮಾಡುವವರನ್ನು ಆ ದಿನ ಕರೆಯಲೇಬೇಡಿ. ಮಾಧ್ವರ ಮನೆಯವರಾದರೆ ಚಾತುರ್ಮಾಸ್ಯದ ನಾಲ್ಕು ತಿಂಗಳು ಜೋಪಾನ. ವ್ರತ ಹಿಡಿದವರು ಮೊದಲ ತಿಂಗಳು ತರಕಾರಿ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆ-ಕಾಳು ಬಿಡುತ್ತಾರೆ. ಯಾವ ತಿಂಗಳು ನಡೆಯುತ್ತಿದೆ ಅಂತ ಅವರನ್ನೇ ಕೇಳಿ.

ರಂಜಾನ್ ತಿಂಗಳಲ್ಲಿ ಉಪವಾಸ ಇರುವವರನ್ನು ಕರೆದರೆ ಸೂರ್ಯ ಮುಳುಗುವ ಹೊತ್ತಿಗೇ ಖರ್ಜೂರ, ನೀರು, ಹಣ್ಣು ಸಿದ್ಧವಿರಲಿ. ಊಟ ಆಮೇಲೆ. ರಾತ್ರಿ ಉಣ್ಣದ ಜೈನರು ಬರುವುದಾದರೆ "ಡಿನ್ನರ್" ಅನ್ನೋ ಮಾತೇ ಬದಲಾಗುತ್ತದೆ. ಚಳಿಗಾಲದಲ್ಲಿ ಆರು ಗಂಟೆಗೆ ಮುಂಚೆ ಹೊತ್ತು ಮುಳುಗುವುದರಿಂದ ಐದಕ್ಕೇ ಬಡಿಸಬೇಕು.

ದಿನ ಹೊಂದದಿದ್ದರೆ ಅಡುಗೆ ಬದಲಿಸುವುದಕ್ಕಿಂತ ದಿನ ಬದಲಿಸುವುದು ಸುಲಭ.

ಹಂತ 3: ಹೊಡೆದುಹಾಕಿ

ಈಗ ಹಾಳೆ ಎದುರಿಗಿಟ್ಟುಕೊಂಡು ಕೂತುಕೊಳ್ಳಿ. ಜಾಸ್ತಿ ಹೊತ್ತು ಕೊಡಬೇಕಾದ ಹಂತ ಇದೇ. ಯಾಕೆಂದರೆ ನಮ್ಮ ಅಡುಗೆಯಲ್ಲಿ ಪದಾರ್ಥಗಳು ಕಾಣದ ಕಡೆ ಅಡಗಿರುತ್ತವೆ.

ಶೇಂಗಾ ತಗೊಳ್ಳಿ. ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ, ಚಟ್ನಿಪುಡಿಯಲ್ಲಿ ಶೇಂಗಾ, ಕೋಸಂಬರಿಯ ಮೇಲೆ ಉದುರಿಸಿದ ಪುಡಿಯಲ್ಲಿ ಶೇಂಗಾ, ಮಂಡಕ್ಕಿ ಒಗ್ಗರಣೆಯಲ್ಲಿ ಶೇಂಗಾ, ಹೋಳಿಗೆಯಲ್ಲೂ ಶೇಂಗಾ. ಎಣ್ಣೆಯೇ ಶೇಂಗಾ ಎಣ್ಣೆ. ಒಬ್ಬ ಅತಿಥಿಗೆ ಶೇಂಗಾ ಅಲರ್ಜಿ ಇದೆ ಅಂದರೆ ಅವರ ತಾಟಿಗೆ ಮಾತ್ರ ಹಾಕದಿದ್ದರೆ ಸಾಲದು. ಆ ದಿನದ ಮಟ್ಟಿಗೆ ಶೇಂಗಾವನ್ನು ಅಡುಗೆಮನೆಯಿಂದಲೇ ಎತ್ತಿಡಿ. ಗಾಣದ ಶೇಂಗಾ ಎಣ್ಣೆಯೂ ಬೇಡ, ಸೂರ್ಯಕಾಂತಿ ಎಣ್ಣೆಯ ಹೊಸ ಪ್ಯಾಕೆಟ್ ಒಡೆಯಿರಿ. ಮಿಕ್ಸಿ ಜಾರನ್ನು ರಬ್ಬರ್ ಬಿಚ್ಚಿ ತೊಳೆಯಿರಿ. ಬ್ಲೇಡಿನ ಕೆಳಗೆ ಸದಾ ಪುಡಿ ಕೂತಿರುತ್ತದೆ. ಮಸಾಲೆಗೆ ಶೇಂಗಾ ಬದಲು ಪುಟಾಣಿ, ಒಣಕೊಬ್ಬರಿ ಹಾಕಬಹುದು. ಎಳ್ಳು, ಗುರೆಳ್ಳು ಹಾಕುವ ಮುಂಚೆ ಅವೂ ನಡೆಯುತ್ತವೆಯೇ ಅಂತ ಕೇಳಿ.

ಉಳ್ಳಾಗಡ್ಡಿ-ಬೆಳ್ಳುಳ್ಳಿ ಇದೇ ತರಹ. ಹೆಚ್ಚಿ ಹಾಕುವುದನ್ನು ಎಲ್ಲರೂ ನೆನಪಿಟ್ಟು ಬಿಡುತ್ತಾರೆ. ಆದರೆ ವರ್ಷಕ್ಕಾಗುವಷ್ಟು ಕುಟ್ಟಿಸಿ ಡಬ್ಬಿಯಲ್ಲಿಟ್ಟ ಮಸಾಲಿ ಖಾರದಲ್ಲೇ ಬೆಳ್ಳುಳ್ಳಿ ಇರುತ್ತದಲ್ಲ! ಶೇಂಗಾ ಹಿಂಡಿಯಲ್ಲಿ ಇರುತ್ತದೆ, ಕೆಂಪುಖಾರದಲ್ಲಿ ಇರುತ್ತದೆ. ಹಂಗಾಗಿ ಆ ದಿನ ಬರೀ ಒಣಮೆಣಸಿನಕಾಯಿ ಪುಡಿ, ಧನಿಯಾ, ಜೀರಿಗೆ, ಇಂಗು. ಪುಂಡಿಪಲ್ಯ ಬೆಳ್ಳುಳ್ಳಿ ಒಗ್ಗರಣೆ ಇಲ್ಲದೆ ಸಪ್ಪೆ ಅನಿಸುತ್ತದೆ, ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಜೈನ ಅತಿಥಿಗಳಾದರೆ ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಬೀಟ್‌ರೂಟ್, ಹಸಿಶುಂಠಿಯನ್ನೂ ಹೊಡೆದುಹಾಕಿ.

ಗೋಧಿ ಆಗದವರಿಗೆ ಜೋಳದ ರೊಟ್ಟಿ ಒಳ್ಳೆಯ ದಾರಿ. ಆದರೆ ರೊಟ್ಟಿ ತಟ್ಟುವ ಕಲ್ಲಿಗೆ, ಪರಾತಿಗೆ ಗೋಧಿಹಿಟ್ಟು ಅಂಟಿರಬಾರದು. ಅಂಗಡಿಯ ಪುಡಿ ಇಂಗಿನಲ್ಲಿ ಗೋಧಿಹಿಟ್ಟು ಬೆರೆಸಿರುವುದುಂಟು, ಡಬ್ಬಿ ತಿರುಗಿಸಿ ಓದಿ.

ಮಾಂಸದ ವಿಷಯ. ನನ್ನ ಮಾತು ಕೇಳುವುದಾದರೆ, ಮೊದಲ ಸಲ ಬರುವವರಲ್ಲಿ ಒಬ್ಬರಾದರೂ ಶುದ್ಧ ಸಸ್ಯಾಹಾರಿ ಇದ್ದರೆ ಪೂರಾ ಸಸ್ಯಾಹಾರ ಮಾಡಿ. ಒಂದೇ ಒಲೆ, ಒಂದೇ ಕಟ್ಟೆ ಇರುವ ಮನೆಯಲ್ಲಿ ಎರಡೂ ಅಡುಗೆ ಬೇರೆ ಬೇರೆ ಇಟ್ಟೆವು ಅಂದರೂ ಅವರ ಮನಸ್ಸು ಒಪ್ಪುವುದಿಲ್ಲ. ಎಲ್ಲರೂ ಮಟನ್ ತಿನ್ನುವವರೇ ಆದರೆ ಮಾತ್ರ ಧಾರಾಳವಾಗಿ ಮಾಡಿ. ಅಂಥ ಬೀಗರಿಗೆ "ಬರೀ ಪಲ್ಯ ಹಾಕಿ ಕಳಿಸಿದ್ರು" ಅನ್ನಿಸಿದರೆ ಅದು ವರ್ಷಗಟ್ಟಲೆ ಕೇಳಬೇಕಾದ ಮಾತು. ಮುಸ್ಲಿಂ ಅತಿಥಿಗಳಿಗೆ ಮಟನ್ ಮಾಡುವುದಾದರೆ ಹಲಾಲ್ ಅಂಗಡಿಯಿಂದ ತನ್ನಿ, ತಂದದ್ದನ್ನು ಕರೆಯುವಾಗಲೇ ಹೇಳಿ. ಹೇಳದಿದ್ದರೆ ಅವರು ಕೇಳಲಾರರು, ತಿನ್ನಲೂ ಆರರು.

*ಸಾಮಾನ್ಯ ತಪ್ಪು:* "ಅವರಿಗೆ ಬೇರೆ ಮಾಡಿದರಾಯ್ತು" ಅಂತ ಎರಡು ಅಡುಗೆ ಹಚ್ಚಿಕೊಳ್ಳುವುದು. ಬೇರೆ ತಾಟಿನವರಿಗೆ ತಾವು ತೊಂದರೆ ಕೊಟ್ಟೆವು ಅನ್ನಿಸುತ್ತದೆ. ಎಲ್ಲರಿಗೂ ನಡೆಯುವ ಅಡುಗೆ ಬುನಾದಿಯಾಗಿರಲಿ. ಬೇಕಾದವರಿಗೆ ಮೇಲೆ ಹಾಕಿಕೊಳ್ಳಲು ಒಂದೆರಡು ಪಕ್ಕದಲ್ಲಿರಲಿ.

ಹಂತ 4: ಮುಖ್ಯ ಅಡುಗೆ ಒಂದು ಆರಿಸಿ

ಉಳಿದ ಪಟ್ಟಿಯಲ್ಲಿ, ಕಣ್ಣುಮುಚ್ಚಿ ಮಾಡಿದರೂ ಕೆಡದ ಅಡುಗೆ ಯಾವುದು? ಅದೇ ಮುಖ್ಯ ಅಡುಗೆ. ಮೊಬೈಲಿನಲ್ಲಿ ನೋಡಿದ ಹೊಸ ಪನೀರ್ ಐಟಂನ ಮೊದಲ ಪ್ರಯೋಗ ಹೊಸಬರ ಮೇಲೆ ಬೇಡವೇ ಬೇಡ.

ಅತಿಥಿಗಳ ಊರಿನ ಅಡುಗೆ ಮಾಡಿ ಮೆಚ್ಚಿಸುವ ಆಸೆಯೂ ಬೇಡ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ, ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೋ, ಹಟ್ಟಿಯ ಗಣಿಗೋ ದೂರದಿಂದ ಬಂದವರಿಗೆ ಅವರ ಊರಿನ ಮೀನು, ಅವರ ಊರಿನ ದಾಲ್ ಮಾಡಿದರೆ ತಮ್ಮ ಅಮ್ಮನ ಕೈರುಚಿಯ ಜೊತೆ ಹೋಲಿಸುತ್ತಾರೆ. ನಿಮ್ಮ ರೊಟ್ಟಿ-ಪಲ್ಯಕ್ಕೆ ಹೋಲಿಕೆಯೇ ಇಲ್ಲ. ಜೊತೆಗೆ ಅವರಿಗೆ ಪರಿಚಯವಿರುವ ಒಂದು ಮಾತ್ರ ಇರಲಿ: ಚಪಾತಿಯೋ, ತೆಳ್ಳಗಿನ ತೊವ್ವೆಯೋ, ಆಂಧ್ರದ ಕಡೆಯವರಾದರೆ ಪಪ್ಪು-ಉಪ್ಪಿನಕಾಯಿಯೋ.

ರೊಟ್ಟಿಯೋ, ಚಪಾತಿಯೋ, ಅನ್ನವೋ ಅನ್ನುವುದನ್ನು ರುಚಿ ನೋಡಿ ತೀರ್ಮಾನಿಸಬೇಡಿ. ಮನೆಯಲ್ಲಿ ಎಷ್ಟು ಕೈ ಇವೆ ಅಂತ ನೋಡಿ.

ಬಿಸಿ ರೊಟ್ಟಿ ಎಂದರೆ ಒಬ್ಬರು ಒಲೆ ಮುಂದೆ ನಿಂತೇ ಇರಬೇಕು. ಪಳಗಿದ ಕೈಗೂ ಒಂದು ರೊಟ್ಟಿ ಬಡಿದು ಬೇಯಿಸಲು ಎರಡು-ಮೂರು ನಿಮಿಷ ಹಿಡಿಯುತ್ತದೆ. ಎಂಟು ಜನಕ್ಕೆ ತಲಾ ಎರಡು ಅಂದರೆ 16 ರೊಟ್ಟಿ, ಅಂದರೆ ಸುಮಾರು ಮುಕ್ಕಾಲು ಗಂಟೆ. ಆ ಹೊತ್ತು ಬಡಿಸುವವರು ಬೇರೆ ಇರಬೇಕು, ಮಾತಾಡಿಸುವವರು ಬೇರೆ ಇರಬೇಕು. ಮನೆಯಲ್ಲಿ ಅತ್ತೆಯೋ ಅಕ್ಕನೋ ಇದ್ದರೆ ಬಿಸಿ ರೊಟ್ಟಿಗೆ ಸಮ ಯಾವುದೂ ಇಲ್ಲ. ನೀವೊಬ್ಬರೇ ಆದರೆ ಅದನ್ನು ಕೈಬಿಡಿ. ಅತಿಥಿಗಳು ಬಂದಾಗಿನಿಂದ ಹೋಗುವವರೆಗೆ ನೀವು ಒಲೆ ಮುಂದೆ ಬೆವರುತ್ತಿದ್ದರೆ ಅವರಿಗೆ ಪರಿಚಯವಾಗುವುದು ನಿಮ್ಮ ಬೆನ್ನು ಮಾತ್ರ.

ಒಬ್ಬರೇ ಇದ್ದವರಿಗೆ ಖಡಕ್ ರೊಟ್ಟಿ ಇದೆ. ರೊಟ್ಟಿ ಕೇಂದ್ರಗಳಲ್ಲಿ ಸಿಗುತ್ತದೆ, ಎರಡು ದಿನ ಮುಂಚೆ ಹೇಳಿ ಮಾಡಿಸಿಕೊಳ್ಳಬಹುದು. ಮಳೆಗಾಲದಲ್ಲಿ ಮೆತ್ತಗಾಗಿದ್ದರೆ ಹಂಚಿನ ಮೇಲೆ ಒಂದು ಸಲ ತಿರುವಿ. ಆದರೆ ವಯಸ್ಸಾದವರ ಹಲ್ಲಿಗೆ ಅದು ಆಗದು, ಬೆಂಗಳೂರು-ಮೈಸೂರು ಕಡೆಯವರು ಹಪ್ಪಳ ಅಂತ ತಿಳಿದು ಪಕ್ಕಕ್ಕಿಡುತ್ತಾರೆ. ಹಾಟ್‌ಬಾಕ್ಸಿನಲ್ಲಿ ಚಪಾತಿಯೂ ಇರಲಿ.

ಬಿಸಿ ರೊಟ್ಟಿಯೇ ಅಂತ ತೀರ್ಮಾನವಾದರೆ ಹಿಟ್ಟನ್ನು ಹಿಂದಿನ ದಿನವೇ ಪರೀಕ್ಷಿಸಿ. ಒಂದು ಹಿಡಿ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿ, ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ. ಅಂಚು ನುಣ್ಣಗೆ ಬಂದರೆ ಹಿಟ್ಟಿನಲ್ಲಿ ಜಿಗಿ ಇದೆ. ಅಂಚು ಬಿರಿದು ಹಲ್ಲುಹಲ್ಲಾಗಿ ಒಡೆದರೆ ಹಿಟ್ಟು ಹಳೆಯದು. ಅದನ್ನು ಎಷ್ಟು ನಾದಿದರೂ ರೊಟ್ಟಿ ಹರಿಯುತ್ತದೆ. ಗಿರಣಿಗೆ ಹೋಗಿ ಹೊಸದಾಗಿ ಬೀಸಿಸಿಕೊಂಡು ಬನ್ನಿ.

ಅನ್ನವೇ ಮುಖ್ಯವಾದರೆ ಕೆಲಸ ಹಗುರ. ಸಿಂಧನೂರು, ಗಂಗಾವತಿ ಕಡೆಯ ಸೋನಾ ಮಸೂರಿ ಮನೆಯಲ್ಲಿದ್ದೇ ಇರುತ್ತದೆ. ಒಂದು ಎಚ್ಚರ: ಹೊಸ ಅಕ್ಕಿ ಮುದ್ದೆಯಾಗುತ್ತದೆ. ಬಗಾರಾ ಅನ್ನ, ಚಿತ್ರಾನ್ನದಂಥದ್ದಕ್ಕೆ ಹಳೆ ಅಕ್ಕಿಯನ್ನೇ ತಗೊಳ್ಳಿ.

ಹಂತ 5: ಸುತ್ತ ನಾಲ್ಕು ಇಡಿ, ಖಾರ ಬೇರೆ ಇಡಿ

ಮುಖ್ಯ ಅಡುಗೆಯ ಸುತ್ತ ಒಂದು ಒಣ ಪಲ್ಯ, ಒಂದು ತೆಳ್ಳಗಿನದು, ಒಂದು ಹಸಿ, ಒಂದು ಸಿಹಿ. ಮೊಸರು ಹೇಗೂ ಇರುತ್ತದೆ. ಇಷ್ಟು ಸಾಕು. ಐದನೆಯ ಪಲ್ಯದಿಂದ ನಿಮಗೆ ಸುಸ್ತು ಜಾಸ್ತಿಯಾಗುತ್ತದೆ ಹೊರತು ಅವರಿಗೆ ಹೊಟ್ಟೆ ಜಾಸ್ತಿಯಾಗುವುದಿಲ್ಲ.

ಎರಡು ಐಟಂ ಒಂದೇ ತರಹ ಇರದಂತೆ ನೋಡಿಕೊಳ್ಳಿ. ಎಣ್ಣೆಗಾಯಿ ಇದ್ದರೆ ಇನ್ನೊಂದು ಎಣ್ಣೆಮಸಾಲೆಯ ಪಲ್ಯ ಬೇಡ, ಮಡಕಿಕಾಳು ಅಥವಾ ಹೆಸರುಕಾಳಿನ ಉಸುಳಿ ಸರಿ. ಹೋಳಿಗೆ ಇದ್ದರೆ ಅದರ ಕಟ್ಟಿನ ಸಾರು ತಾನಾಗಿಯೇ ತೆಳ್ಳಗಿನದಾಗುತ್ತದೆ, ಬೇರೆ ಬೇಳೆ ಬೇಯಿಸಬೇಕಿಲ್ಲ. ಹಸಿಗೆ ಸೌತೆಕಾಯಿ, ಗಜ್ಜರಿ, ಮೆಂತ್ಯಸೊಪ್ಪು.

ಖಾರ ನಮ್ಮಲ್ಲಿ ಎಲ್ಲರೂ ತಪ್ಪುವ ವಿಷಯ. ಮನೆಯವರಿಗೆ ಸಪ್ಪೆ ಅನಿಸಿದ್ದು ಹೊರಗಿನವರ ಕಣ್ಣಲ್ಲಿ ನೀರು ತರಿಸುತ್ತದೆ. ಅಡುಗೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿ, ಬಣ್ಣ ಬರುತ್ತದೆ, ಉರಿ ಕಡಿಮೆ. ಖಾರ ಬೇಕಾದವರಿಗೆ ಗುಂಟೂರು ಮೆಣಸಿನಕಾಯಿಯ ಕೆಂಪುಖಾರ, ಕರಿದ ಮೆಣಸಿನಕಾಯಿ ಪಕ್ಕದಲ್ಲಿಡಿ. ಖಾರ ಹಾಕಿಕೊಳ್ಳುವುದು ಅವರ ಕೈಯಲ್ಲಿ, ತೆಗೆಯುವುದು ಯಾರ ಕೈಯಲ್ಲೂ ಇಲ್ಲ. ಚಿಕ್ಕ ಮಕ್ಕಳಿದ್ದರೆ ಒಗ್ಗರಣೆ ಹಾಕುವ ಮುಂಚೆಯೇ ಬೇಳೆ ಸ್ವಲ್ಪ ತೆಗೆದಿಡಿ, ತುಪ್ಪ-ಅನ್ನಕ್ಕೆ ಕಲಸಬಹುದು.

ಸಕ್ಕರೆ ಕಾಯಿಲೆಯವರಿಗಾಗಿ ಸಿಹಿ ಬಿಡಬೇಕಿಲ್ಲ. ಹೋಳಿಗೆ ಅಂಗೈಯಗಲ ಚಿಕ್ಕದಾಗಿ ಮಾಡಿ, ಅರ್ಧ ಬೇಕಾದವರು ಅರ್ಧ ತಗೊಳ್ಳಲಿ. ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಅನ್ನೋ ಮಾತು ಮಾತ್ರ ಸುಳ್ಳು. ಅದೂ ಹಿಟ್ಟೇ.

ಒಂದು ಉದಾಹರಣೆ: ಹಾಳೆಯ ಮೇಲೆ ಮಾಡಿ ನೋಡೋಣ

ಶಕ್ತಿನಗರಕ್ಕೆ ವರ್ಗವಾಗಿ ಬಂದ ಒಂದು ಕುಟುಂಬ ಬರುತ್ತದೆ ಅಂದುಕೊಳ್ಳಿ. ಮೈಸೂರು ಕಡೆಯವರು, ಐದು ಜನ. ಗಂಡ ಮಟನ್ ತಿನ್ನುತ್ತಾರೆ. ಹೆಂಡತಿ ತತ್ತಿ ಮಾತ್ರ. ಅವರ ಅತ್ತೆಗೆ ಸಕ್ಕರೆ ಕಾಯಿಲೆ, ಉಳ್ಳಾಗಡ್ಡಿ-ಬೆಳ್ಳುಳ್ಳಿ ಇಲ್ಲ, ಹಲ್ಲಿನ ತೊಂದರೆ. ದೊಡ್ಡ ಮಗನಿಗೆ ಶೇಂಗಾ ತಿಂದರೆ ಮೈಯೆಲ್ಲ ದದ್ದು. ಚಿಕ್ಕವಳಿಗೆ ಖಾರ ಆಗದು. ನಿಮ್ಮ ಮನೆಯವರು ಮೂವರು. ಒಟ್ಟು ಎಂಟು.

ಹೊಡೆದುಹಾಕಿ: ಮಟನ್, ತತ್ತಿ, ಶೇಂಗಾ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಡಬ್ಬಿಯ ಮಸಾಲಿ ಖಾರ, ಖಡಕ್ ರೊಟ್ಟಿ. ಎಣ್ಣೆಗಾಯಿ ಹೋಯಿತು, ಶೇಂಗಾ ಹಿಂಡಿ ಹೋಯಿತು. ಗಾಬರಿಯಾಗಬೇಡಿ, ಉಳಿದದ್ದನ್ನು ನೋಡಿ.

ಬಿಸಿ ರೊಟ್ಟಿ ಮಾಡುವ ಕೈ ಇದ್ದರೆ ರೊಟ್ಟಿ, ಇಲ್ಲದಿದ್ದರೆ ಮೆತ್ತನೆ ಚಪಾತಿ. ಪುಟಾಣಿ-ಒಣಕೊಬ್ಬರಿ ತುಂಬಿದ ಹೀರೆಕಾಯಿ. ಇಂಗಿನ ಒಗ್ಗರಣೆಯ ಹೆಸರುಕಾಳು. ಕಡಲೆಬೇಳೆಯ ಚಿಕ್ಕ ಹೋಳಿಗೆ, ಅದರ ಕಟ್ಟಿನ ಸಾರು, ಅನ್ನ. ಸೌತೆಕಾಯಿ ಕೋಸಂಬರಿ, ಗಟ್ಟಿ ಮೊಸರು. ಖಾರಕ್ಕೆ ಪಕ್ಕದಲ್ಲಿ ಕರಿದ ಮೆಣಸಿನಕಾಯಿ. ಎಲ್ಲರ ತಾಟಿನಲ್ಲೂ ಒಂದೇ ಊಟ, ಯಾರಿಗೂ "ನಿಮಗೆ ಇದು ಬೇರೆ" ಅನ್ನಬೇಕಿಲ್ಲ. ಮಟನ್ ತಿನ್ನುವ ಗಂಡ ಒಂದು ರಾತ್ರಿ ಹೋಳಿಗೆ ತಿಂದರೆ ಏನೂ ಆಗುವುದಿಲ್ಲ, ಅಲ್ವಾ?

ಹಂತ 6: ಅಳತೆ

ರೊಟ್ಟಿಯ ಜೊತೆ ಅನ್ನವೂ ಇದ್ದರೆ ತಲೆಗೆ 60–75 ಗ್ರಾಂ ಅಕ್ಕಿ ಸಾಕು, ಅನ್ನವೇ ಮುಖ್ಯವಾದರೆ 100 ಗ್ರಾಂ. ಒಂದು ಕೆಜಿ ಜೋಳದ ಹಿಟ್ಟಿಗೆ ಹದವಾದ ಅಗಲದ ಸುಮಾರು 15 ರೊಟ್ಟಿ. ಬೇಳೆ ತಲೆಗೆ 30–40 ಗ್ರಾಂ. ಮೂಳೆ ಸಮೇತ ಮಟನ್ ತಲೆಗೆ 150–200 ಗ್ರಾಂ. ಎಣ್ಣೆಗಾಯಿಗೆ ಎಳೆ ಬದನೆಕಾಯಿ ಎರಡೆರಡು, ಮೇಲೆ ನಾಲ್ಕು. ಬೇಸಿಗೆಯಲ್ಲಿ ಮೊಸರು ಒಂದೂವರೆ ಪಟ್ಟು ಇಟ್ಟುಕೊಳ್ಳಿ, ಎಲ್ಲರೂ ಮಜ್ಜಿಗೆ ಕೇಳುತ್ತಾರೆ. ಐದು ಜನ ಅಂದವರು ಏಳು ಜನ ಬರುವುದು ನಮ್ಮಲ್ಲಿ ಮಾಮೂಲು, ಇಬ್ಬರಿಗೆ ಜಾಸ್ತಿ ಹಿಡಿದೇ ಅಳೆಯಿರಿ.

ಐದು ಲೀಟರ್ ಕುಕ್ಕರಿನಲ್ಲಿ ಬೇಳೆ-ಅಕ್ಕಿಗೆ ನೀರೂ ಸೇರಿ ಅರ್ಧಕ್ಕಿಂತ ಮೇಲೆ ಹೋಗಬಾರದು. ತುಂಬಿಸಿದರೆ ನೊರೆ ಬಂದು ಸೀಟಿಯ ದಾರಿ ಕಟ್ಟಿಕೊಳ್ಳುತ್ತದೆ. ಜನ ಜಾಸ್ತಿ ಇದ್ದರೆ ಎರಡು ಸಲ ಇಡಿ.

ಹಂತ 7: ಗಡಿಯಾರ ಹಿಂದಕ್ಕೆ ತಿರುಗಿಸಿ

ಎಂಟಕ್ಕೆ ಊಟ ಅಂತ ಹಿಡಿಯೋಣ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಹಿಂದಿನ ದಿನ: ಸಂತೆ, ಕಾಳು ನೆನೆಹಾಕುವುದು, ಮಸಾಲೆ ಪುಡಿ, ಹಿಟ್ಟಿನ ಪರೀಕ್ಷೆ. ಕಾಳು ನೆನೆಸುವುದನ್ನು ಮರೆತವರು ಮರುದಿನ ಪಟ್ಟಿಯನ್ನೇ ಬದಲಿಸಬೇಕಾಗುತ್ತದೆ.

ಆ ದಿನ ಮಧ್ಯಾಹ್ನ: ಹೂರಣ, ಕಣಕ, ಕಟ್ಟು ತೆಗೆಯುವುದು. ನಾಲ್ಕರಿಂದ ಐದಕ್ಕೆ ಹೋಳಿಗೆ ಮುಗಿಸಿ, ಅದು ಆರಿದರೂ ಚೆನ್ನ. ಆರಕ್ಕೆ ಪಲ್ಯಗಳು. ಏಳಕ್ಕೆ ಸಾರಿನ ಒಗ್ಗರಣೆ. ಏಳೂವರೆಗೆ ಅನ್ನ. ರೊಟ್ಟಿ ಅವರು ಬಂದು ನೀರು ಕುಡಿದ ಮೇಲೆ. ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೆ, ಮುಂಚೆ ಹಾಕಿದರೆ ನೀರು ಬಿಡುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಈ ಲೆಕ್ಕ ಇನ್ನೂ ಬಿಗಿ. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಬೇಯಿಸಿದ ಅಡುಗೆ ಹೊರಗೆ ಒಂದು ಗಂಟೆಗಿಂತ ಜಾಸ್ತಿ ಇರಬಾರದು. ಕುದಿಬಿಸಿಯಲ್ಲೇ ಹಾಟ್‌ಬಾಕ್ಸಿಗೆ ಹಾಕಿ, ಇಲ್ಲವೇ ಆರಿಸಿ ಫ್ರಿಜ್ಜಿಗೆ ಹಾಕಿ. ಬೆಚ್ಚಗೆ ಇರುವುದೇ ಕೆಡುವ ಸ್ಥಿತಿ. ಬೆಳಗ್ಗೆ ಹೆಪ್ಪು ಹಾಕಿದ ಮೊಸರು ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಗಟ್ಟಿಯಾಗುತ್ತದೆ, ಕೂಡಲೇ ಫ್ರಿಜ್ಜಿಗೆ ಸೇರಿಸದಿದ್ದರೆ ರಾತ್ರಿಗೆ ಹುಳಿ. ಹಸಿಕಾಯಿ ಚಟ್ನಿ ಈ ಎರಡು ತಿಂಗಳು ಮಾಡಲೇಬೇಡಿ.

*ಎಚ್ಚರಿಕೆಯ ಗುರುತುಗಳು:* ಬೇಳೆಯ ಮೇಲೆ ಕುದಿಸದೆಯೇ ಸಣ್ಣ ನೊರೆ, ಅನ್ನಕ್ಕೆ ಜಿಗುಟು, ಹೂರಣ ಮುಟ್ಟಿದರೆ ನೂಲು ಎಳೆದಂತೆ ಬರುವುದು, ಚಟ್ನಿಗೆ ಹುಳಿವಾಸನೆ. ಇವುಗಳಲ್ಲಿ ಯಾವುದು ಕಂಡರೂ ರುಚಿ ನೋಡುವ ಗೋಜಿಗೂ ಹೋಗದೆ ಚೆಲ್ಲಿ. ಮತ್ತೆ ಕುದಿಸಿದರೆ ಸರಿಹೋಗುವುದಿಲ್ಲ.

ಹಂತ 8: ಬಡಿಸುವಾಗ ತಾಟು ನೋಡಿ

ಪ್ರತಿ ಪಾತ್ರೆಗೆ ಅದರದೇ ಸೌಟು. ಚಟ್ನಿಪುಡಿ ಮುಟ್ಟಿದ ಚಮಚ ಮೊಸರಿಗೆ ಹೋದರೆ ಹಂತ 3ರ ಶ್ರಮವೆಲ್ಲ ನೀರುಪಾಲು. ಬಡಿಸುವ ಮುಂಚೆ ಒಂದೊಂದಾಗಿ ಹೇಳಿಬಿಡಿ: "ಇದು ಹೀರೆಕಾಯಿ, ಶೇಂಗಾ ಇಲ್ಲ. ಇದರಲ್ಲಿ ಸ್ವಲ್ಪ ಖಾರ ಇದೆ." ಕೇಳಲು ಸಂಕೋಚಪಡುವವರಿಗೆ ಅದರಿಂದ ನಿರಾಳ.

ಅತಿಥಿ ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದರೆ ಖಾರವಾಗಿದೆ, ಮಾತಿಲ್ಲದೆ ಮೊಸರು ಬಡಿಸಿ. ರೊಟ್ಟಿ ಮುರಿದು ಮುರಿದು ಅಂಚಿಗೆ ಸರಿಸುತ್ತಿದ್ದರೆ ಅನ್ನ ತನ್ನಿ. "ಯಾಕ್ರೀ ಬಿಟ್ರಿ?" ಅಂತ ಎಲ್ಲರ ಮುಂದೆ ಕೇಳಬೇಡಿ. ಒತ್ತಾಯ ಒಂದು ಸಲ ಚೆಂದ, ಎರಡನೇ ಸಲಕ್ಕೆ ಅವರು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಅಲ್ಲಿಗೆ ನಿಲ್ಲಿಸಿ. ಸಕ್ಕರೆ ಕಾಯಿಲೆಯವರಿಗೆ "ಇವತ್ತೊಂದಿನ ಏನಾಗಲ್ಲ" ಅನ್ನುವುದು ಬೇಡ.

ಊಟ ಮಾಡುತ್ತಿದ್ದವರಿಗೆ ಇದ್ದಕ್ಕಿದ್ದಂತೆ ತುಟಿ ಊದಿಕೊಂಡು, ಮೈಮೇಲೆ ದದ್ದು ಎದ್ದು, ಉಸಿರಾಡಲು ಕಷ್ಟವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಏನಾದರೂ ಕೈಕೊಟ್ಟರೆ

ರೊಟ್ಟಿ ಹರಿಯುತ್ತಿದೆಯೇ? ಬಿಡಿ, ಚಪಾತಿಗೆ ಹೋಗಿ. ಒಲೆಯ ಮುಂದೆ ಹಟ ಮಾಡಬೇಡಿ. ಪಲ್ಯಕ್ಕೆ ಉಪ್ಪು ಜಾಸ್ತಿಯಾದರೆ ಬೆಂದ ಬೇಳೆಯೋ, ಮತ್ತಷ್ಟು ತರಕಾರಿಯೋ ಸೇರಿಸಿ ಅಳತೆ ಹಿಗ್ಗಿಸಿ. ಜನ ಜಾಸ್ತಿ ಬಂದರೆ ಜುಣಕ ನಿಮ್ಮನ್ನು ಕಾಯುತ್ತದೆ, ಕಡಲೆಹಿಟ್ಟು ಮನೆಯಲ್ಲಿದ್ದರೆ ಹದಿನೈದು ನಿಮಿಷದ ಕೆಲಸ. ಫೋನಿನಲ್ಲಿ ಹೇಳದೇ ಇದ್ದದ್ದು ತಾಟಿನ ಮುಂದೆ ಹೊರಬಿದ್ದರೆ ತುಪ್ಪ, ಬೆಲ್ಲ, ಮೊಸರು, ಬಾಳೆಹಣ್ಣು ಕೈಗೆ ಸಿಗುವಂತಿರಲಿ. ಅದಕ್ಕೆ ಹತ್ತು ಸಲ ಕ್ಷಮೆ ಕೇಳುತ್ತಾ ನಿಲ್ಲಬೇಡಿ, ಅವರಿಗೆ ಇನ್ನೂ ಮುಜುಗರ.

ಅವರು ಹೋದ ಮೇಲೆ ಉಳಿದದ್ದನ್ನು ಚಿಕ್ಕ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿಗಿಡಿ, ದೊಡ್ಡ ಪಾತ್ರೆಯಲ್ಲಿ ಒಳಗಿನದು ಬೇಗ ತಣ್ಣಗಾಗುವುದಿಲ್ಲ. ಆಮೇಲೆ ಹಾಳೆ ತೆಗೆದು, ಯಾರು ಏನನ್ನು ಎರಡನೇ ಸಲ ಹಾಕಿಸಿಕೊಂಡರು, ಯಾರ ತಾಟಿನಲ್ಲಿ ಏನು ಉಳಿಯಿತು ಅಂತ ಅವರವರ ಹೆಸರಿನ ಮುಂದೆ ಬರೆದು, ಪಂಚಾಂಗದ ಹಿಂದೆ ಸಿಕ್ಕಿಸಿಡಿ.